ಬಾಣಂತನದ ಆರನೇ ವಾರ

ದೊಡ್ಡಬಳ್ಳಾಪುರದ ಮಗ್ಗದ ಮನೆ, ಗಾರ್ಮೆಂಟ್ಸ್‌ಗಳಲ್ಲಿ, ಹೊಸಕೋಟೆ, ನೆಲಮಂಗಲದ ಗೋದಾಮುಗಳಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಬೇರೆ ಊರುಗಳಿಂದ ಬಂದವರು. ಬಸುರಿಯಾದಾಗ ತಪಾಸಣೆ ಇಲ್ಲಿ, ಹೆರಿಗೆ, ಬಾಣಂತನ ತವರಿನಲ್ಲಿ. ಈ ವಾಡಿಕೆಯನ್ನು ನಾವು ಆಕ್ಷೇಪಿಸುತ್ತಿಲ್ಲ. ಆದರೆ ತಾಯಿಗೆ ಎಚ್‌ಐವಿ ಇದ್ದಾಗ, ಮಗುವಿಗೆ ಆಗಲೇಬೇಕಾದ ಪರೀಕ್ಷೆಯೊಂದು ಬಾಣಂತನದ ನಟ್ಟನಡುವೆ, ಆರನೇ ವಾರಕ್ಕೆ ಬರುತ್ತದೆ. ಅದು ತಪ್ಪದಂತೆ ನೋಡಿಕೊಳ್ಳುವವರು ಯಾರು? ಇಲ್ಲಿನ ಆಸ್ಪತ್ರೆಯೋ, ತವರಿನ ಆಸ್ಪತ್ರೆಯೋ?

ದೊಡ್ಡವರಿಗೆ ಮಾಡುವ ಎಚ್‌ಐವಿ ಪರೀಕ್ಷೆ ರಕ್ತದಲ್ಲಿನ ಪ್ರತಿಕಾಯಗಳನ್ನು ಹುಡುಕುತ್ತದೆ. ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದಾಟುವುದರಿಂದ 18 ತಿಂಗಳವರೆಗೆ ಆ ಪರೀಕ್ಷೆಯಿಂದ ಮಗುವಿಗೆ ಸೋಂಕಿದೆ ಎಂದು ಹೇಳಲಾಗದು. ಆದ್ದರಿಂದ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸಿ, ನೇರವಾಗಿ ವೈರಸ್ಸನ್ನೇ ಹುಡುಕುತ್ತಾರೆ. ದೇಶದಲ್ಲಿ ಈ ಕಾರ್ಯಕ್ರಮ ಶುರುವಾಗಿದ್ದು 2010ರಲ್ಲಿ.

ಇಷ್ಟು ಅವಸರವೇಕೆ? ದೊಡ್ಡವರ ದೇಹ ಸೋಂಕು ತಗುಲಿದ ಕೆಲವು ತಿಂಗಳಲ್ಲಿ ವೈರಸ್ಸನ್ನು ಒಂದು ಮಟ್ಟಕ್ಕೆ ತಗ್ಗಿಸುತ್ತದೆ. ಹಸುಗೂಸಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಪಳಗಿರುವುದಿಲ್ಲ. ಸೋಂಕಿತ ಕಣಗಳನ್ನು ಕೊಲ್ಲುವ ಅದರ ಶಕ್ತಿ ಕಡಿಮೆ. ಅದರಿಂದ ವೈರಸ್ ಮಟ್ಟ ಬಹುಕಾಲ ಏರಿಯೇ ಇರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸೋಂಕಿತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ. ದಕ್ಷಿಣ ಆಫ್ರಿಕಾದಲ್ಲಿ 6ರಿಂದ 12 ವಾರದ ಸೋಂಕಿತ ಶಿಶುಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಕ್ಕೆ ಕಾಯಿಸಿದ ಗುಂಪಿನಲ್ಲಿ ನೂರಕ್ಕೆ 16 ಮಕ್ಕಳು ತೀರಿಕೊಂಡರೆ, ತಕ್ಷಣ ಔಷಧ ಕೊಟ್ಟ ಗುಂಪಿನಲ್ಲಿ 4. ಕೆಲವು ವಾರಗಳ ಬೆಲೆ ಇಷ್ಟು.

ಹಾಗೆಂದು ತಾಯಂದಿರು ಕಂಗೆಡಬೇಕಿಲ್ಲ. ಏನೂ ಮಾಡದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ತಾಯಿ ತಪ್ಪದೆ ಎಆರ್‌ಟಿ ಮಾತ್ರೆ ತೆಗೆದುಕೊಂಡು ಮಗುವಿಗೂ ಔಷಧ ಕೊಟ್ಟರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಹೆಚ್ಚಿನವರಿಗೆ ಆರನೇ ವಾರದ ಪರೀಕ್ಷೆ ಸಮಾಧಾನವನ್ನೇ ತರುತ್ತದೆ. ಎದೆಹಾಲು ಕುಡಿಯುವವರೆಗೆ ಅಪಾಯ ಪೂರ್ತಿ ಕಳೆಯದ ಕಾರಣ ಮುಂದಿನ ಪರೀಕ್ಷೆಗಳನ್ನೂ ಬಿಡುವಂತಿಲ್ಲ.

ನಮ್ಮ ಒತ್ತಾಯ ಇಷ್ಟೇ. ಆಕೆ ತವರಿನ ಬಸ್ಸು ಹತ್ತುವ ಮೊದಲೇ, ಆಕೆಯ ಒಪ್ಪಿಗೆ ಪಡೆದು, ಇಲ್ಲಿನ ಆಪ್ತಸಮಾಲೋಚಕರು ಅಲ್ಲಿನ ಕೇಂದ್ರದವರೊಂದಿಗೆ ಮಾತಾಡಿ ದಿನ ಗೊತ್ತುಮಾಡಬೇಕು. ಒಂದೂವರೆ ತಿಂಗಳ ಲಸಿಕೆಗೆ ಮಗುವನ್ನು ಹೇಗೂ ಕರೆತರುತ್ತಾರೆ. ಅದೇ ದಿನ ಈ ಹನಿ ರಕ್ತವನ್ನೂ ತೆಗೆದರೆ ಮನೆಯವರಿಗೆ ಬೇರೆ ಸಬೂಬು ಹೇಳಬೇಕಾಗಿಲ್ಲ. ತಾಯಿ ಕಾರ್ಡ್ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುವುದು ಪರಿಹಾರವಲ್ಲ. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಪಾಡುವುದನ್ನು ಕರ್ತವ್ಯವಾಗಿಸಿದೆ. ಊರಿಗೆಲ್ಲ ತಿಳಿಯುತ್ತದೆಂಬ ಭಯವಿದ್ದರೆ ಆಕೆ ಆಸ್ಪತ್ರೆಯ ಕಡೆ ಸುಳಿಯುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ಬೇಗ ಔಷಧ ಶುರುವಾದ ಕೆಲವು ಸೋಂಕಿತ ಮಕ್ಕಳ ದೇಹ ಪ್ರತಿಕಾಯಗಳನ್ನೇ ಸಾಕಷ್ಟು ತಯಾರಿಸುವುದಿಲ್ಲ. ಮುಂದೆ ಪ್ರತಿಕಾಯ ಪರೀಕ್ಷೆಯಲ್ಲಿ ‘ನೆಗೆಟಿವ್’ ಬಂದರೆ ಮನೆಯವರು ವಾಸಿಯಾಯಿತೆಂದು ಔಷಧ ನಿಲ್ಲಿಸುವ ಅಪಾಯವಿದೆ. ವೈರಸ್ ಎಲ್ಲೂ ಹೋಗಿರುವುದಿಲ್ಲ. ಅಮೆರಿಕದ ಮಿಸಿಸಿಪ್ಪಿಯ ಮಗುವೊಂದು ಔಷಧವಿಲ್ಲದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿದ್ದು, 2014ರಲ್ಲಿ ಅದರ ರಕ್ತದಲ್ಲಿ ವೈರಸ್ ಮತ್ತೆ ಕಾಣಿಸಿಕೊಂಡಿತು. ಇದನ್ನೂ ತಾಯಿಗೆ ಮೊದಲೇ ತಿಳಿಸಿ ಹೇಳಬೇಕು.

ಪರೀಕ್ಷೆಯಿದೆ, ಔಷಧವೂ ಸರ್ಕಾರದಿಂದ ಉಚಿತ. ಎರಡು ಊರುಗಳ ನಡುವೆ ಮಗು ಕೈತಪ್ಪದಂತೆ ನೋಡಿಕೊಳ್ಳಲು ಬೇಕಿರುವುದು ಒಂದು ಫೋನ್ ಕರೆ.