ಗೋಡೆಗೇರಿದ ಓಲೆಗರಿ: ಹಳೆವಸ್ತು ಸಂಗ್ರಹದ ಹವ್ಯಾಸಕ್ಕೊಂದು ಆಕ್ಷೇಪ

ಕಳೆದ ವರ್ಷ ಬೆಂಗಳೂರಿನಲ್ಲಿ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಹಜಾರದ ಗೋಡೆಯ ಮೇಲೆ, ಅದಕ್ಕೆಂದೇ ಹೊತ್ತಿಸಿದ ಪುಟ್ಟ ದೀಪದ ಬೆಳಕಿನಲ್ಲಿ, ಗಾಜಿನ ಚೌಕಟ್ಟಿನೊಳಗೆ ಮೂರು ಓಲೆಗರಿಗಳನ್ನು ಒಂದರ ಕೆಳಗೊಂದರಂತೆ ಅಂಟಿಸಿ ತೂಗುಹಾಕಿದ್ದರು. ಲಿಪಿ ಕನ್ನಡ. ಮೇಲಿನ ಗರಿ ತಲೆಕೆಳಗಾಗಿತ್ತು. ಅಂಚಿನ ಗರಿಸಂಖ್ಯೆಗಳನ್ನು ಕತ್ತು ಹೊರಳಿಸಿ ಓದಿದೆ: 12, 41, 87. ‘ಹೊನ್ನಾವರದ ಕಡೆಯ ಯಾವುದೋ ಹಳೆಯ ಬಸದಿಯದಂತೆ, ಅಂಗಡಿಯವರು ಹೇಳಿದರು. ನಿಮಗೆ ಓದಲಿಕ್ಕೆ ಬರುತ್ತದೆಯೇ ಸರ್?’ ಎಂದು ಮನೆಯ ಯಜಮಾನರು ಸಂತೋಷದಿಂದ ಕೇಳಿದರು. ಬರುತ್ತದೆ ಎಂದೆ. ಏನಿದೆ ಎಂಬುದನ್ನು ಅವರು ಕೇಳಲಿಲ್ಲ. ಕೊಟ್ಟ ಬೆಲೆ ಸರಿಯಾದುದೇ ಎಂದು ಕೇಳಿದರು.

ಕನಿಷ್ಠ ಎಂಬತ್ತೇಳು ಗರಿಗಳಿದ್ದ ಒಂದು ಕಟ್ಟನ್ನು ಯಾರೋ ಬಿಚ್ಚಿದ್ದಾರೆ. ಹುಳು ಹಿಡಿಯದ, ಅಕ್ಷರ ದುಂಡಗಿದ್ದ ಗರಿಗಳನ್ನು ಆರಿಸಿದ್ದಾರೆ. ಅಂಟು ಹಚ್ಚಿದ್ದರಿಂದ ಪ್ರತಿಯೊಂದು ಗರಿಯ ಒಂದು ಮೈ ಶಾಶ್ವತವಾಗಿ ಮರೆಯಾಗಿದೆ. ಕಾಣುವ ಮೈಯಲ್ಲಿ ಷಟ್ಪದಿಗಳಿವೆ, ಪದ್ಯಸಂಖ್ಯೆಗಳಿವೆ. ಕೃತಿ ಯಾವುದೆಂದು ಆ ಮೂರು ಅರ್ಧಗಳಿಂದ ನಿಶ್ಚಯಿಸಿ ಹೇಳಲಾರೆ. ಅದನ್ನು ಹೇಳಬೇಕಾದ ಗರಿ, ಅಂದರೆ ಲಿಪಿಕಾರನ ಹೆಸರು, ಸಂವತ್ಸರ, ಊರು, ಬರೆಯಿಸಿದ ಶ್ರಾವಕನ ಮನೆತನಗಳಿರುವ ಕೊನೆಯ ಗರಿ, ಆ ಗೋಡೆಯ ಮೇಲಿರಲಿಲ್ಲ. ಕೊನೆಯ ಗರಿ ಸಾಮಾನ್ಯವಾಗಿ ಸವೆದು ಮುರಿದಿರುತ್ತದೆ, ಅಲಂಕಾರಕ್ಕೆ ಒದಗುವುದಿಲ್ಲ.

ಹಳೆಯ ವಸ್ತುಗಳ ಮೇಲಿನ ಪ್ರೀತಿಯನ್ನು ನಾನು ಹಳಿಯುತ್ತಿಲ್ಲ. ನನ್ನ ಆಕ್ಷೇಪ ಆ ಪ್ರೀತಿ ಹಿಡಿದಿರುವ ದಾರಿಯ ಬಗೆಗೆ. ಭಟ್ಕಳ, ಹೊನ್ನಾವರ, ಕುಮಟಾಗಳ ಹಳೆಯ ಮನೆಗಳು ಕಳಚಿಕೊಳ್ಳುತ್ತಿವೆ. ಕೆತ್ತನೆಯ ದಾರಂದ, ಹಲಸಿನ ಕಂಬ, ತೂಗುಮಂಚ, ಪೆಟಾರಿ, ತೂಗುದೀಪ, ಚೆನ್ನೆಮಣೆ, ಉಪ್ಪಿನಕಾಯಿ ಭರಣಿ ಎಲ್ಲವೂ ಗುಜರಿಯ ತೂಕದಲ್ಲಿ ಊರು ಬಿಡುತ್ತವೆ. ನಗರದ ಅಂಗಡಿಗೆ ಬಂದೊಡನೆ ‘ಆಂಟಿಕ್’ ಎಂಬ ಬಿರುದು ಧರಿಸುತ್ತವೆ. ನಡುದಾರಿಯಲ್ಲಿ ಒಂದು ಸಂಗತಿ ತಪ್ಪದೆ ಉದುರಿಹೋಗುತ್ತದೆ: ಎಲ್ಲಿಯದು, ಯಾರದು ಎಂಬ ವಿವರ. ಇದು ಆಕಸ್ಮಿಕವಲ್ಲ. ಮೂಲವನ್ನು ಹೇಳಿಬಿಟ್ಟರೆ ಮುಂದಿನ ಗಿರಾಕಿ ನೇರವಾಗಿ ಆ ಊರಿಗೇ ಹೋದಾನು ಎಂಬ ಭಯ ವ್ಯಾಪಾರಿಗಿದೆ. ವಿಚಾರಿಸಿದರೆ ಕೊಳ್ಳಲಾಗದ ಉತ್ತರ ಬಂದೀತೆಂಬ ಅಳುಕು ಕೊಳ್ಳುವವನಿಗಿದೆ. ಇಬ್ಬರ ಅನುಕೂಲವೂ ಮೌನದಲ್ಲಿದೆ.

ಈ ಮೌನ ಬೇರೆಡೆಗಿಂತ ಇಲ್ಲಿ ಹೆಚ್ಚು ದುಬಾರಿ. ಗೇರುಸೊಪ್ಪೆ ಮತ್ತು ಹಾಡುವಳ್ಳಿಯ ಸಾಳುವರ ನೆಲವಿದು. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ ಆಳಿದ್ದು ಇಲ್ಲಿಂದಲೇ. ಶರಾವತಿಯ ದಡದ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಇಂದು ಕಾಡಿನ ನಡುವೆ ನಿಂತಿದೆ, ಸುತ್ತಲಿದ್ದ ಪಟ್ಟಣವಿಲ್ಲ. ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದೆ. ಅದನ್ನು ತುಂಬಿಸುತ್ತಿದ್ದ ಶ್ರಾವಕರ ಕೇರಿಯಿಲ್ಲ. ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿ 16ನೆಯ ಶತಮಾನದಲ್ಲಿ ಜೈನಸಂಪ್ರದಾಯದ ಭಾರತಕಥೆಯನ್ನು ಷಟ್ಪದಿಯಲ್ಲಿ ಬರೆದ. ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ, ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ವ್ಯಾಕರಣ. ಜನವಸತಿ ಚದುರಿಹೋದ ಇಂಥ ನಾಡಿನಲ್ಲಿ ಚರಿತ್ರೆ ಉಳಿಯುವುದು ಚಿಕ್ಕ ವಸ್ತುಗಳ ಅಂಚಿನಲ್ಲಿ: ಲೋಹಬಿಂಬದ ಪೀಠದ ಒಂದೂವರೆ ಸಾಲಿನಲ್ಲಿ, ಘಂಟೆಯ ಕಂಠದ ಮೇಲೆ ಕೊರೆದ ದಾನಿಯ ಹೆಸರಿನಲ್ಲಿ, ನಿಷಿಧಿಗಲ್ಲಿನ ತಿಥಿಯಲ್ಲಿ, ಓಲೆಕಟ್ಟಿನ ಕೊನೆಯ ಗರಿಯಲ್ಲಿ. ಪೀಠದಿಂದ ಬೇರ್ಪಟ್ಟ ಬಿಂಬ ಸುಂದರವಾಗಿಯೇ ಇರುತ್ತದೆ, ನಿಜ. ಆದರೆ ಅದು ಯಾವ ಬಸದಿಯದು, ಯಾವ ಗಣದ ಗುರುವಿನ ಉಪದೇಶದಿಂದ ಆದದ್ದು ಎಂಬುದನ್ನು ಮತ್ತೆ ಯಾರೂ ಹೇಳಲಾರರು.

ಗುಡಿಗಾರರ ಕತೆ ಇದಕ್ಕಿಂತ ವಿಚಿತ್ರ. ಕುಮಟಾ, ಹೊನ್ನಾವರ, ಶಿರಸಿಗಳ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ ಪೆಟ್ಟಿಗೆಗಳೂ ಕಪಾಟುಗಳೂ 19ನೆಯ ಶತಮಾನದಲ್ಲಿ ವಿದೇಶದ ಪ್ರದರ್ಶನಗಳವರೆಗೆ ಹೋದವು. 1883ರ ಬಾಂಬೆ ಗ್ಯಾಸೆಟಿಯರಿನ ಕೆನರಾ ಸಂಪುಟವೂ ಅವರ ಕೆಲಸವನ್ನು ಹೆಸರಿಸಿ ಮೆಚ್ಚಿದೆ. ಇಂದು ಲಂಡನ್ನಿನ ಹರಾಜುಕಟ್ಟೆಗೆ ಅಂಥ ಪೆಟ್ಟಿಗೆಯೊಂದು ಬಂದರೆ ಪಟ್ಟಿಯಲ್ಲಿ ‘ಆಂಗ್ಲೋ–ಇಂಡಿಯನ್’ ಎಂದಿರುತ್ತದೆ, ಹೆಚ್ಚೆಂದರೆ ‘ದಕ್ಷಿಣ ಭಾರತ’. ಕೊಂಡು ಒಯ್ದ ದೊರೆಯ ವಂಶಾವಳಿ ಅರ್ಧ ಪುಟವಿರುತ್ತದೆ. ಕೆತ್ತಿದವನ ಊರಿಗೆ ಒಂದು ಸಾಲಿಲ್ಲ. ಇದನ್ನು ವಸಾಹತುಶಾಹಿಯ ಪಾಪವೆಂದು ಬೈದು ಸುಮ್ಮನಾಗುವುದು ನಮಗೆ ಸುಲಭ. ನಮ್ಮ ನಗರದ ಸಂಗ್ರಾಹಕರೂ ಅದೇ ಪಟ್ಟಿಯ ಭಾಷೆಯನ್ನೇ ಕಲಿತಿದ್ದಾರೆ ಎಂಬುದು ನನ್ನ ದೂರು.

ಸಂಗ್ರಾಹಕರ ಪ್ರತಿವಾದ ನನಗೆ ಗೊತ್ತಿದೆ: ‘ನಾವು ಕೊಳ್ಳದಿದ್ದರೆ ಇವೆಲ್ಲ ಬಚ್ಚಲೊಲೆಗೆ ಹೋಗುತ್ತಿದ್ದವು.’ ಇದರಲ್ಲಿ ಸತ್ಯವಿದೆ. ಅಟ್ಟದ ಮೇಲಿನ ಓಲೆಕಟ್ಟುಗಳನ್ನು ಹೊಳೆಗೆ ಬಿಟ್ಟ, ಒಲೆಗೆ ಹಾಕಿದ ಸಂಗತಿಯನ್ನು ಕರಾವಳಿಯಲ್ಲಿ ಕೇಳದ ಸಂಶೋಧಕನಿಲ್ಲ. ಆದರೆ ಉಳಿಸುವುದೆಂದರೇನು ಎಂಬುದಕ್ಕೆ ಮಣಿಪಾಲದಲ್ಲಿ ಒಂದು ಮಾದರಿಯಿದೆ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು ‘ಹಸ್ತಶಿಲ್ಪ’ ಪರಂಪರೆಯ ಗ್ರಾಮದಲ್ಲಿ ಹಳೆಯ ಮನೆಗಳನ್ನು ಬಿಡಿಭಾಗಗಳಾಗಿ ಅಲ್ಲ, ಮನೆಗಳಾಗಿಯೇ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಭಟ್ಕಳದ ನವಾಯತರ ಮನೆ ಅಲ್ಲಿ ಇಂದಿಗೂ ಭಟ್ಕಳದ ನವಾಯತರ ಮನೆಯೆಂಬ ಹೆಸರಿನಲ್ಲೇ ನಿಂತಿದೆ. ಊರಿನಿಂದ ಕಿತ್ತದ್ದು ಕಿತ್ತದ್ದೇ ಎಂದು ಯಾರಾದರೂ ತಗಾದೆ ತೆಗೆಯಬಹುದು, ನಾನು ತೆಗೆಯಲಾರೆ. ಊರಿನ ಹೆಸರನ್ನು ಜೊತೆಗೆ ಒಯ್ದವನಿಗೂ ಅದನ್ನು ಒರೆಸಿ ಒಯ್ದವನಿಗೂ ಒಂದೇ ಮಾತು ಸಲ್ಲದು. ಎಂಬತ್ತೇಳರಲ್ಲಿ ಮೂರನ್ನು ಗೋಡೆಗೇರಿಸಿ ‘ಉಳಿಸಿದೆ’ ಎನ್ನುವವರಿಗೆ, ಮಿಕ್ಕ ಎಂಬತ್ನಾಲ್ಕು ಎಲ್ಲಿ ಎಂದು ಕೇಳುವ ಹಕ್ಕು ನಮಗಿದೆ.

ಕಾನೂನು ಏನು ಹೇಳುತ್ತದೆ? 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕರಕೌಶಲ ಮಾತ್ರವಲ್ಲ, ಕಟ್ಟಡದಿಂದ ಕಳಚಿದ ಭಾಗವೂ ಪುರಾವಸ್ತುವೇ. ದಾರಂದವೂ ಕಂಬವೂ ಇದರೊಳಗೆ ಬರುತ್ತವೆ. ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಪರವಾನಗಿಯಿಲ್ಲದೆ ಇವುಗಳ ವ್ಯಾಪಾರ ಸಲ್ಲದು, ಖಾಸಗಿಯವರು ದೇಶದಾಚೆಗೆ ಒಯ್ಯುವಂತೆಯೇ ಇಲ್ಲ. ಇಷ್ಟರವರೆಗೆ ಸರಿ. ಆದರೆ ಒಡೆಯರು ಕಡ್ಡಾಯವಾಗಿ ನೋಂದಾಯಿಸಬೇಕಾದ ವಸ್ತುಗಳ ಅಧಿಸೂಚನೆಯಲ್ಲಿ ಹಸ್ತಪ್ರತಿಗಳು ಬರುವುದು ಚಿತ್ರಗಳಿದ್ದರೆ ಮಾತ್ರ. ಕನ್ನಡದ ಓಲೆಕಟ್ಟುಗಳಲ್ಲಿ ಹೆಚ್ಚಿನವು ಬರಿಯ ಅಕ್ಷರ. ಬರಿಯ ಅಕ್ಷರಕ್ಕೆ ನೋಂದಣಿಯಿಲ್ಲ. ನೋಂದಣಿಯಿಲ್ಲದ ವಸ್ತು ಕಳೆದುಹೋದರೆ ಕಳೆದುಹೋಯಿತೆಂದು ತೋರಿಸಲು ಕಾಗದವಿಲ್ಲ. 2013ರ ಜುಲೈಯಲ್ಲಿ ಮೂಡುಬಿದಿರೆಯ ಗುರುಬಸದಿಯಿಂದ ರತ್ನಬಿಂಬಗಳು ಕಳವಾದಾಗ ನಾಡೇ ಎದ್ದು ಕೂತಿತು. ರತ್ನಕ್ಕೆ ಬೆಲೆಯಿದೆ, ಲೆಕ್ಕವೂ ಇತ್ತು. ಷಟ್ಪದಿಯ ಕಟ್ಟಿಗೆ ಎರಡೂ ಇಲ್ಲ.

ಲೆಕ್ಕವಿಡುವುದು ಅಸಾಧ್ಯವೇನಲ್ಲ. ಕೆ. ಭುಜಬಲಿ ಶಾಸ್ತ್ರಿಗಳು 1948ರಷ್ಟು ಹಿಂದೆಯೇ ಮೂಡುಬಿದಿರೆ, ಕಾರ್ಕಳ ಮೊದಲಾದ ಭಂಡಾರಗಳ ತಾಡಪತ್ರಗಳಿಗೆ ಗ್ರಂಥಸೂಚಿ ಮಾಡಿಕೊಟ್ಟರು. ಮನೆಮನೆಯ ಅಟ್ಟಗಳ ಬಹುಪಾಲು ಅಂಥ ಸೂಚಿಗಳ ಆಚೆಗೇ ಉಳಿಯಿತು. ಮತ್ತು ನಾವು, ಕನ್ನಡ ವಿಭಾಗಗಳವರು? ಅಚ್ಚಾದ ಪುಸ್ತಕದಿಂದ ಅಚ್ಚಾದ ಪ್ರಬಂಧ ಬರೆಯುವುದನ್ನೇ ಸಂಶೋಧನೆಯೆಂದು ಒಪ್ಪಿಕೊಂಡು, ಅಟ್ಟ ಹತ್ತುವ ಕೆಲಸವನ್ನು ಗುಜರಿಯವನಿಗೆ ಬಿಟ್ಟುಕೊಟ್ಟೆವು. ಅವನು ನಮಗಿಂತ ಶ್ರದ್ಧೆಯಿಂದ ಹತ್ತಿದ.

ನನ್ನ ಸಮಾಜದವರಿಗೂ ಒಂದು ಮಾತು ಹೇಳಲೇಬೇಕು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಮರಗೆಲಸವನ್ನು ಕಿತ್ತು ಅಮೃತಶಿಲೆ ಹಾಸಿ, ಕಿತ್ತದ್ದನ್ನು ಗುತ್ತಿಗೆದಾರನ ಲಾರಿಗೆ ಹಾಕಿ ಕಳಿಸಿದವರು ಹೊರಗಿನವರಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ದಾನಮಾಡಿದ ಅತ್ತಿಮಬ್ಬೆಯನ್ನು ಪ್ರತಿ ಸಭೆಯಲ್ಲಿಯೂ ಹೊಗಳುತ್ತೇವೆ. ನಮ್ಮ ಮನೆಯ ಒಂದು ಪ್ರತಿ ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ನನ್ನ ಅಜ್ಜನ ಮನೆಯಲ್ಲಿ ಠವಣೆಕೋಲು ಒಂದಿತ್ತು. ಅದರ ಮೇಲಿರುತ್ತಿದ್ದ ಗ್ರಂಥ ಯಾವುದು, ಈಗೆಲ್ಲಿದೆ ಎಂಬುದು ನನಗೂ ತಿಳಿಯದು.

ಗೃಹಪ್ರವೇಶದ ಮನೆಯವರು ಸಜ್ಜನರು. ಸಿಟ್ಟಾಗದೆ ಚೌಕಟ್ಟನ್ನು ಕೆಳಗಿಳಿಸಿ ಚಿತ್ರ ತೆಗೆಯಗೊಟ್ಟರು. ಮೇಲಿನ ಗರಿಯನ್ನು ನೇರಗೊಳಿಸಲು ಹೋದರೆ ಅಂಟು ಗರಿಯನ್ನೇ ಸೀಳುವಂತಿತ್ತು, ಹಾಗೆಯೇ ಬಿಟ್ಟೆವು. ಗರಿಗಳ ಮೈಯಲ್ಲಿ ತಲಾ ಏಳು ಸಾಲು, ಎರಡು ರಂಧ್ರ, ಬರವಣಿಗೆ ಬಲಕ್ಕೆ ತುಸು ವಾಲಿದೆ, ಗರಿಸಂಖ್ಯೆ ಎಡ ಅಂಚಿನಲ್ಲಿದೆ. ಇದೇ ಕೈಬರಹದ ಬಿಡಿಗರಿಗಳನ್ನು ಓದುಗರಲ್ಲಿ ಯಾರಾದರೂ ಅಂಗಡಿಯಲ್ಲೋ ಹೋಟೆಲಿನ ಗೋಡೆಯ ಮೇಲೋ ಕಂಡರೆ, ಕೊಳ್ಳುವುದು ಬೇಡ. ಗರಿಸಂಖ್ಯೆ ಕಾಣುವಂತೆ ಒಂದು ಚಿತ್ರ ತೆಗೆದು ನನಗೆ ಕಳಿಸಿ.