ದೂರದ ಹೊಡೆತವೊ, ಹತ್ತಿರದ ಹೊಡೆತವೊ?

ಗಾಲ್ಫ್ ಆಡುವ ನಮ್ಮ ನಡುವಯಸ್ಸಿನ ಹವ್ಯಾಸಿಗಳಿಗೆ ಚೆಂಡನ್ನು ದೂರ ಹಾರಿಸುವುದೇ ಪರಮಪುರುಷಾರ್ಥವಾಗಿದೆ. ತೋಳಿನ ಬಲವನ್ನೆಲ್ಲ ಕೂಡಿಸಿ ಬೀಸುತ್ತಾರೆ. ಚೆಂಡು ಪೊದೆ ಸೇರುತ್ತದೆ, ಸೊಂಟ ನೋವಿಗೆ ಈಡಾಗುತ್ತದೆ.

18 ಗುಳಿಗಳಿಗೆ 72 ಹೊಡೆತಗಳೆಂಬ ಲೆಕ್ಕದಲ್ಲಿ, ಗುಳಿಗೆ ಎರಡರಂತೆ 36 ಹೊಡೆತಗಳು ಪಟ್ಟಿಂಗಿಗೇ ಮೀಸಲು. ಆದುದರಿಂದ ಅಭ್ಯಾಸದ ಅರ್ಧ ವೇಳೆಯನ್ನಾದರೂ ಗುಳಿಯ ಸಮೀಪದಲ್ಲಿ ಕಳೆಯುವುದು ವಿವೇಕ. 2021ರಲ್ಲಿ ಜರುಗಿದ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ದೂರದ ಹೊಡೆತದಲ್ಲಿ ಬಹುಮಂದಿಗಿಂತ ಹಿಂದಿದ್ದರೂ ಪಟ್ಟಿಂಗಿನ ನೈಪುಣ್ಯದಿಂದ 4ನೆಯ ಸ್ಥಾನಕ್ಕೇರಿದರು.

ಗುಳಿಯತ್ತ ಚೆಂಡನ್ನು ಮೆಲ್ಲನೆ ಎತ್ತಿಹಾಕುವಾಗ ಮೈಭಾರ ಮುಂದಿನ ಕಾಲಿನ ಮೇಲಿರಲಿ, ಮಣಿಕಟ್ಟು ಅಲುಗದಿರಲಿ.

ಇನ್ನು ಪೂರ್ಣ ಬೀಸಿನ ಪಾಠಕ್ಕೆ ಜಂಗಮವಾಡಿಯ ನಾವು ದೂರ ಹೋಗಬೇಕಾಗಿಲ್ಲ. ಇಲ್ಲಿಯವರು ಅಖಾಡವೆನ್ನುವ ಗರಡಿಗಳಲ್ಲಿ ಗದೆ ತಿರುಗಿಸುವ ಪೈಲ್ವಾನರನ್ನು ನೋಡಿರಿ. ಪಾದಗಳು ನೆಲಕ್ಕೆ ಊರಿರುತ್ತವೆ, ಗದೆಯ ಭಾರವೇ ಲಯವನ್ನು ಕೊಡುತ್ತದೆ, ಅವಸರವೆಂಬುದಿಲ್ಲ. ಗಾಲ್ಫಿನ ಬೀಸೂ ಹಾಗೆಯೇ ಕಾಲು, ಸೊಂಟಗಳಿಂದ ಹೊರಟು ಕಡೆಗೆ ತೋಳನ್ನು ಮುಟ್ಟಬೇಕು.

ಆಟಕ್ಕೆ ಮುನ್ನ ಹತ್ತು ನಿಮಿಷ ನಡೆದು ಮೈ ಸಡಿಲಿಸಿಕೊಳ್ಳಿರಿ. ಬೆನ್ನುನೋವು ಉಳಿದರೆ ಛಲ ಬಿಟ್ಟು ವೈದ್ಯರನ್ನು ಕಾಣಿರಿ. ವಯಸ್ಸಿನೊಡನೆ ಬಲ ಕುಂದುವುದು ಸಹಜ. ಕೈಯ ಹದವನ್ನು ಮಾತ್ರ ಅರುವತ್ತರಲ್ಲಿಯೂ ಬೆಳೆಸಿಕೊಳ್ಳಬಹುದು.