30ನೇ ವಿಧಿ ಗುರಾಣಿಯೇ ಹೊರತು ಚಾಟಿಯಲ್ಲ

ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಯೊಂದರಲ್ಲಿ ಸಿಬ್ಬಂದಿಗೆ ಅನ್ಯಾಯವಾಯಿತೆಂದು ಯಾರಾದರೂ ದನಿಯೆತ್ತಿದರೆ, ಆಡಳಿತ ಮಂಡಳಿ ಮೊದಲು ಮುಂದಿಡುವುದು ಸಂವಿಧಾನದ 30ನೇ ವಿಧಿಯನ್ನು. ಶಾಲೆ ನಮ್ಮದು, ನಡೆಸುವ ಹಕ್ಕು ನಮ್ಮದು, ಕೇಳಲು ನೀವಾರು? ಈ ವಾದವನ್ನು ಸುಪ್ರೀಮ್ ಕೋರ್ಟ್ 1986ರಲ್ಲಿಯೇ ತಳ್ಳಿಹಾಕಿದೆ. ತಳ್ಳಿಹಾಕಿದ್ದು ಒಂದು ಕ್ರೈಸ್ತ ಶಾಲೆಯ ಪ್ರಕರಣದಲ್ಲಿ ಎಂಬುದನ್ನು ನಾವು ಗಮನಿಸಬೇಕು.

ದಿಲ್ಲಿಯ ಫ್ರಾಂಕ್ ಆಂಟನಿ ಪಬ್ಲಿಕ್ ಸ್ಕೂಲ್ ಆಂಗ್ಲೋ-ಇಂಡಿಯನ್ ಸಮುದಾಯದ ಅನುದಾನರಹಿತ ಸಂಸ್ಥೆ. ಮಾನ್ಯತೆ ಪಡೆದ ಖಾಸಗಿ ಶಾಲೆಗಳ ಸಿಬ್ಬಂದಿಗೆ ಸರಕಾರಿ ಶಾಲೆಯವರಿಗಿಂತ ಕಡಿಮೆಯಿಲ್ಲದ ವೇತನ ನೀಡಬೇಕೆಂದು 1973ರ ದಿಲ್ಲಿ ಶಾಲಾ ಶಿಕ್ಷಣ ಕಾಯ್ದೆ ವಿಧಿಸಿತ್ತು. ಆದರೆ ಅದೇ ಕಾಯ್ದೆಯ 12ನೇ ಸೆಕ್ಷನ್ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ಕೊಟ್ಟಿತ್ತು. ಅದೇ ನಗರ, ಅದೇ ಪಾಠ, ಅದೇ ಪರೀಕ್ಷೆ. ಅಲ್ಪಸಂಖ್ಯಾತ ಶಾಲೆಯಲ್ಲಿ ದುಡಿಯುವವರಿಗೆ ಮಾತ್ರ ರಕ್ಷಣೆಯಿಲ್ಲ! ಸಿಬ್ಬಂದಿಯ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಇದು ತಾರತಮ್ಯವೆಂದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಆ ವಿನಾಯಿತಿಯನ್ನು ಬಹುಮಟ್ಟಿಗೆ ರದ್ದುಗೊಳಿಸಿತು. ಮೌನ ಮೆರವಣಿಗೆ ನಡೆಸಿದ್ದಕ್ಕಾಗಿ ಸಿಬ್ಬಂದಿಯ ಮೇಲೆ ಹೊರಡಿಸಿದ್ದ ಅಮಾನತು ಆದೇಶಗಳನ್ನು ಜಾರಿಗೊಳಿಸಬಾರದೆಂದೂ ಹೇಳಿತು. ಹಾಗೆಂದು ಶಾಲೆಯನ್ನು ಸರಕಾರದ ಕೈಗೊಪ್ಪಿಸಲಿಲ್ಲ. ವಜಾ ಮಾಡುವ ಮುನ್ನ ಶಿಕ್ಷಣ ನಿರ್ದೇಶಕರ ಅನುಮತಿ ಬೇಕೆಂಬ ನಿಯಮದಿಂದ ಅಲ್ಪಸಂಖ್ಯಾತ ಶಾಲೆಗಳು ಹೊರಗೇ ಉಳಿದವು.

ಇನ್ನು ಅಮೆರಿಕವನ್ನು ನೋಡಿ. ಕ್ಯಾಲಿಫೋರ್ನಿಯಾದ ಕ್ಯಾಥೊಲಿಕ್ ಶಾಲೆಯೊಂದರ ಶಿಕ್ಷಕಿ ತನಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿಸಿದ ಬಳಿಕ ಆಕೆಯ ಗುತ್ತಿಗೆ ನವೀಕರಣಗೊಳ್ಳಲಿಲ್ಲ. ಇನ್ನೊಂದು ಶಾಲೆಯ ಶಿಕ್ಷಕಿ ವಯಸ್ಸಿನ ಕಾರಣಕ್ಕೆ ತನ್ನನ್ನು ಹೊರಗಟ್ಟಲಾಯಿತೆಂದು ದೂರಿದರು. ಕೆಲಸ ತೃಪ್ತಿಕರವಾಗಿರಲಿಲ್ಲ ಎಂಬುದು ಶಾಲೆಗಳ ಉತ್ತರ. ಸತ್ಯ ಯಾವ ಕಡೆಗಿತ್ತು? ಅದರ ವಿಚಾರಣೆಯೇ ನಡೆಯಲಿಲ್ಲ. ಇವರು ಮಕ್ಕಳಿಗೆ ಧರ್ಮಪಾಠವನ್ನೂ ಹೇಳಿಕೊಡುತ್ತಿದ್ದುದರಿಂದ ತಾರತಮ್ಯ ವಿರೋಧಿ ಕಾನೂನಿನಡಿ ಮೊಕದ್ದಮೆ ಹೂಡುವಂತಿಲ್ಲವೆಂದು ಅಲ್ಲಿಯ ಸುಪ್ರೀಮ್ ಕೋರ್ಟ್ 2020ರ ಜುಲೈಯಲ್ಲಿ 7-2ರ ಬಹುಮತದಿಂದ ತೀರ್ಪಿತ್ತಿತು. ಮೊದಲನೆಯ ಶಿಕ್ಷಕಿ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಧರ್ಮವನ್ನು ಯಾರು ಬೋಧಿಸಬೇಕೆಂದು ಚರ್ಚ್ ನಿರ್ಧರಿಸಲಿ, ತಕರಾರಿಲ್ಲ. ಆದರೆ ಕ್ಯಾನ್ಸರ್ ಯಾವ ಧರ್ಮಶಾಸ್ತ್ರದ ಪ್ರಶ್ನೆ? ಸಭೆಗೆ ಬಂದ ಸಿರಿವಂತನಿಗೆ ಒಳ್ಳೆಯ ಆಸನ, ಬಡವನಿಗೆ ನೆಲ ಎಂಬ ಪಕ್ಷಪಾತವನ್ನು ಬೈಬಲಿನ ಯಾಕೋಬನ ಪತ್ರಿಕೆಯೇ ಖಂಡಿಸುತ್ತದಲ್ಲವೇ?

ನಮ್ಮ ದೇಶದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ, ಚರ್ಚಿನೊಳಗೂ ಜಾತಿ ತಾರತಮ್ಯವಿದೆಯೆಂದು ಒಪ್ಪಿಕೊಂಡಿತು. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಒಪ್ಪಿಗೆ ಶಾಲೆಯ ಕಚೇರಿಯವರೆಗೂ ತಲುಪಬೇಕು. ಅಲ್ಲಿ ಸಾಮಾನ್ಯವಾಗಿ ತೊಡಕಾಗುವುದು ದೂರು ಕೇಳುವವರೂ ದೂರಿಗೆ ಗುರಿಯಾದವರೂ ಒಬ್ಬರೇ ಆಗಿರುವುದರಿಂದ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಹೊರಗಿನ ಸದಸ್ಯರೊಬ್ಬರಿರುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅಂಥದೇ ಸಮಿತಿ ಜಾತಿ, ಧರ್ಮ, ರೋಗ, ವಯಸ್ಸಿನ ದೂರುಗಳನ್ನೂ ಕೇಳಿದರೆ ಸಂಸ್ಥೆಗೇನು ನಷ್ಟ? ನೇಮಕಾತಿ ಪತ್ರ, ಲಿಖಿತ ಸೇವಾ ನಿಯಮ, ಗುತ್ತಿಗೆ ನವೀಕರಿಸದಿದ್ದರೆ ಲಿಖಿತ ಕಾರಣ: ಇಷ್ಟನ್ನೂ ಕೊಡಲು ಹಿಂಜರಿಯುವ ಆಡಳಿತ ಏನನ್ನು ಬಚ್ಚಿಡುತ್ತಿದೆ?

ಕ್ರೈಸ್ತರಿಗೆ ಕೇಳುವ ಈ ಪ್ರಶ್ನೆ ನಮ್ಮ ಟ್ರಸ್ಟುಗಳಿಗೂ ತಪ್ಪಿದ್ದಲ್ಲ. 30ನೇ ವಿಧಿ ಇಬ್ಬರಿಗೂ ಒಂದೇ. ಕರಾರು ಪತ್ರವಿಲ್ಲದೆ ದುಡಿಯುವ ಮುಅಲ್ಲಿಮರು ನಮ್ಮಲ್ಲೇನು ಕಡಿಮೆಯೇ? ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ತಡೆಯುತ್ತದೆ. ವಜಾಗೊಂಡವರು ಆದೇಶ ತಲುಪಿದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು 94ನೇ ಸೆಕ್ಷನ್ ಅವಕಾಶ ಕೊಡುತ್ತದೆ. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳಲ್ಲಿ ದುಡಿಯುತ್ತಿರುವ ನಮ್ಮ ಸಹೋದರಿಯರು ಆ ಮೂರು ತಿಂಗಳನ್ನು ಆಡಳಿತ ಮಂಡಳಿಯ ಬಾಯಿಮಾತಿನ ಭರವಸೆಗಳಲ್ಲಿ ಕಳೆದುಕೊಳ್ಳದಿರಲಿ.